ಐದು ಜನರಿಂದ ಐವತ್ತು ಜನಕ್ಕೆ: ನಿಮ್ಮ ವ್ಯಾಪಾರಕ್ಕೆ ಒಗ್ಗುವ ರಚನೆಯನ್ನು ಆರಿಸಿಕೊಂಡು ಜಾರಿಗೆ ತರುವುದು ಹೇಗೆ

ನಾನು ಲೆಕ್ಕಪತ್ರ ನೋಡಿಕೊಳ್ಳುವ ಒಂದು ಕಾಂಡಿಮೆಂಟ್ಸ್ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಬ್ಬ ಬಂದರೆ ಕಜ್ಜಾಯ. ಅಣ್ಣ ತಮ್ಮ ಸೇರಿ ಬೆಂಗಳೂರಿನ ಒಂದು ಪುಟ್ಟ ಅಂಗಡಿಯಲ್ಲಿ ಶುರು ಮಾಡಿದ್ದು. ಆಗ ಇದ್ದದ್ದು 5 ಜನ. ಈಗ ಮೂರು ಅಂಗಡಿ, ಒಂದು ಅಡುಗೆ ಘಟಕ, ಹೋಲ್‌ಸೇಲ್ ಸಪ್ಲೈಗೆ ಎರಡು ಗಾಡಿ, ಎಲ್ಲಾ ಸೇರಿ 48 ಜನ. ವ್ಯಾಪಾರ ಚೆನ್ನಾಗಿಯೇ ಇದೆ. ಆದರೆ ಕೆಲಸ ಹಂಚುವ ಮುಂಚೆ ಅಣ್ಣನ ಫೋನ್‌ಗೆ ಮಾತ್ರ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಬಿಡುವಿರಲಿಲ್ಲ. "ಸಾರ್, ಕಡಲೆಹಿಟ್ಟು ಮುಗೀತು, ತರಿಸ್ಲಾ?" "ಸಾರ್, ಗಿರಾಕಿ ಹತ್ತು ಪ್ಯಾಕೆಟ್ ವಾಪಸ್ ತಂದಿದ್ದಾರೆ, ದುಡ್ಡು ಕೊಡ್ಲಾ?" ಒಂದು ದಿನ ಅವರು ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಫೋನ್ ಆಫ್ ಮಾಡಿ ಕೂತಿದ್ದರು. ಆ ಎರಡು ಗಂಟೆ ಎಣ್ಣೆ ಇಲ್ಲದೆ ಬಾಣಲೆ ಖಾಲಿ ಕೂತಿತ್ತು. ಎಣ್ಣೆ ಸಿಗುವ ಅಂಗಡಿ ರಸ್ತೆಯ ಆಚೆ ಬದಿಯಲ್ಲೇ ಇತ್ತು. ತರಿಸಿ ಅಂತ ಹೇಳುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ.

ಸಂಸ್ಥೆಯ ರಚನೆ ಅಂದ ಕೂಡಲೇ ಜನರಿಗೆ ಡಬ್ಬಿ ಬರೆದು ಗೆರೆ ಎಳೆದ ಚಿತ್ರ ನೆನಪಾಗುತ್ತದೆ. ನನಗೆ ಈ ಎಣ್ಣೆಯ ದಿನವೇ ನೆನಪಾಗುತ್ತದೆ. ಯಾರು, ಯಾವ ವಿಷಯವನ್ನು, ಇನ್ನೊಬ್ಬರನ್ನು ಕೇಳದೆ ತೀರ್ಮಾನ ಮಾಡಬಹುದು? ಈ ಒಂದು ಪ್ರಶ್ನೆಗೆ ಸಂಸ್ಥೆಯಲ್ಲಿ ಎಲ್ಲರೂ ಒಂದೇ ಉತ್ತರ ಹೇಳುವಂತಿದ್ದರೆ ಅಲ್ಲಿ ರಚನೆ ಇದೆ ಅಂತ ಅರ್ಥ. ಗೋಡೆಯ ಮೇಲೆ ಚಾರ್ಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಪಾರ್ಟ್‌ನರ್‌ಶಿಪ್ಪಾ, ಎಲ್‌ಎಲ್‌ಪಿಯಾ (ಸೀಮಿತ ಹೊಣೆಯ ಪಾಲುದಾರಿಕೆ), ಪ್ರೈವೇಟ್ ಲಿಮಿಟೆಡ್ಡಾ ಅನ್ನುವುದು ಕಾನೂನಿನ ಪ್ರಶ್ನೆ. ಆಸ್ತಿ ಯಾರದ್ದು, ಸಾಲ ಯಾರ ತಲೆ ಮೇಲೆ, ತೆರಿಗೆ ಎಷ್ಟು ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಅದಕ್ಕೆ ಆಡಿಟರ್ ಹತ್ತಿರ ಹೋಗಿ. ನಾನು ಇಲ್ಲಿ ಹೇಳುತ್ತಿರುವುದು ಒಳಗಿನ ಕೆಲಸದ ಹಂಚಿಕೆ. ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಂಡ ಮಾತ್ರಕ್ಕೆ ಅಣ್ಣನ ಫೋನ್ ನಿಲ್ಲುವುದಿಲ್ಲ, ಅಲ್ವಾ?

ಮೊದಲ ಹೆಜ್ಜೆ: ಒಂದು ವಾರ ಬರೀ ಪ್ರಶ್ನೆಗಳನ್ನು ಬರೆದಿಡಿ

ಚಾರ್ಟ್ ಬರೆಯಲು ಕೂರಬೇಡಿ. ಒಂದು ಸಾದಾ ನೋಟ್‌ಬುಕ್ ತಗೊಳ್ಳಿ. ಒಂದು ವಾರ ನಿಮ್ಮ ಹತ್ತಿರ ಬರುವ ಪ್ರತಿಯೊಂದು ಪ್ರಶ್ನೆಯನ್ನೂ ಬರೆಯಿರಿ. ಯಾರು ಕೇಳಿದರು, ಏನು ಕೇಳಿದರು, ನೀವು ಉತ್ತರ ಕೊಡುವವರೆಗೆ ಅವರ ಕೆಲಸ ಎಷ್ಟು ಹೊತ್ತು ನಿಂತಿತ್ತು. ಇಷ್ಟು ಸಾಕು. ಸಣ್ಣದು ಅಂತ ಯಾವುದನ್ನೂ ಬಿಡಬೇಡಿ, ಯಾಕೆಂದರೆ ದಿನವನ್ನು ತಿನ್ನುವುದು ಸಣ್ಣ ಪ್ರಶ್ನೆಗಳೇ.

ವಾರದ ಕೊನೆಗೆ ಅವನ್ನು ಮೂರು ಗುಂಪು ಮಾಡಿ. ನೀವೇ ಹೇಳಬೇಕಾದವು ಒಂದು ಗುಂಪು: ದರ ಏರಿಸುವುದು, ಹೊಸ ಅಂಗಡಿ ತೆರೆಯುವುದು, ದೊಡ್ಡ ಸಾಲ ತರುವುದು. ಇನ್ನೊಬ್ಬರು ಹೇಳಬಹುದಾದರೂ ರೂಢಿಯಿಂದ ನಿಮ್ಮ ಹತ್ತಿರ ಬರುವವು ಎರಡನೆಯದು. ಮೂರನೆಯದು ಇಬ್ಬರ ನಡುವಿನ ತಕರಾರುಗಳು. ಅಡುಗೆಯವರು "ಇಂಡೆಂಟ್ (ಯಾವ ಮಾಲು ಎಷ್ಟು ಬೇಕು ಅನ್ನುವ ಚೀಟಿ) ಲೇಟಾಗಿ ಬಂತು" ಅನ್ನುತ್ತಾರೆ, ಅಂಗಡಿಯವರು "ಮಾಲು ಲೇಟಾಗಿ ಬಂತು" ಅನ್ನುತ್ತಾರೆ, ಪಂಚಾಯ್ತಿ ನಿಮ್ಮ ಮುಂದೆ. ಆ ಕಾಂಡಿಮೆಂಟ್ಸ್‌ನಲ್ಲಿ ನಾವು ಬರೆದಾಗ ಎರಡನೆಯ ಗುಂಪೇ ಪುಟಗಟ್ಟಲೆ ಆಯಿತು. ಮೂರನೆಯದು ಕಡಿಮೆ ಇತ್ತು, ಆದರೆ ಜಾಸ್ತಿ ಜಗಳ ತಂದಿದ್ದು ಅದೇ.

ಇದು ಹೊಸ ಕಾಯಿಲೆ ಅಲ್ಲ. 1850ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಗೂ ಇದೇ ಬಂದಿತ್ತು. ಅದರ ಮೇಲಧಿಕಾರಿಯಾಗಿದ್ದ ಡೇನಿಯಲ್ ಮೆಕ್‌ಕಲಮ್ ಹೇಳಿದ್ದು ಇಷ್ಟು. 50 ಮೈಲಿ ಉದ್ದದ ರೈಲು ಮಾರ್ಗವಾದರೆ ಒಬ್ಬನೇ ಓಡಾಡಿಕೊಂಡು ಎಲ್ಲವನ್ನೂ ಖುದ್ದಾಗಿ ನೋಡಿಕೊಳ್ಳಬಹುದು, ಅವನಿಗೆ ಪ್ರತಿ ಕೆಲಸಗಾರನ ಪರಿಚಯವೂ ಇರುತ್ತದೆ. 500 ಮೈಲಿ ಆದಾಗ ಆ ಕ್ರಮ ನಡೆಯುವುದಿಲ್ಲ. ಹಾಗಾಗಿ ಮಾರ್ಗವನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಒಬ್ಬ ಜವಾಬ್ದಾರನನ್ನು ಇಟ್ಟು, ದಿನನಿತ್ಯದ ತೀರ್ಮಾನವನ್ನು ಅವನಿಗೇ ಬಿಟ್ಟರು. 1855ರಲ್ಲಿ ಅದರ ಚಿತ್ರವನ್ನೂ ಬರೆಸಿದರು. ಅದು ಮರದ ಹಾಗಿದೆ. ನಿರ್ದೇಶಕ ಮಂಡಳಿ ಕೆಳಗೆ ಬೇರಿನ ಹತ್ತಿರ ಇದೆ, ರೈಲು ಮಾರ್ಗಗಳು ಮೇಲೆ ಕೊಂಬೆಗಳಾಗಿ ಚಾಚಿಕೊಂಡಿವೆ. ಯಜಮಾನರನ್ನು ನೆತ್ತಿಯ ಮೇಲೆ ಕೂರಿಸುವ ಈಗಿನ ಚಾರ್ಟ್‌ಗಿಂತ ನನಗೆ ಅದೇ ಹೆಚ್ಚು ಇಷ್ಟ. ಬೇರಿನ ಕೆಲಸ ನೀರು ಕೊಡುವುದು.

ಲೆಕ್ಕದಲ್ಲಿ ನೋಡಿದರೂ ಹಾಗೆಯೇ. 5 ಜನ ಇದ್ದಾಗ ಇಬ್ಬಿಬ್ಬರ ನಡುವಿನ ಜೋಡಿ 10. 20 ಜನ ಆದಾಗ 190. ಜನ ನಾಲ್ಕು ಪಟ್ಟು, ಮಾತುಕತೆಯ ದಾರಿ ಹತ್ತೊಂಬತ್ತು ಪಟ್ಟು. ಗ್ರೈಕುನಾಸ್ ಎಂಬ ಸಲಹೆಗಾರ 1933ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುಂಪುಗಳ ನಡುವಿನ ಸಂಬಂಧವನ್ನೂ ಸೇರಿಸಿ ಎಣಿಸಿದ. ಒಬ್ಬ ಮೇಲಧಿಕಾರಿಯ ಕೈಕೆಳಗೆ 5 ಜನ ಇದ್ದರೆ 100 ಸಂಬಂಧ, ಇನ್ನೊಬ್ಬ ಸೇರಿ 6 ಆದರೆ 222. ನಿಜ ಜೀವನದಲ್ಲಿ ಅಷ್ಟೂ ಸಂಬಂಧ ಒಟ್ಟಿಗೆ ಮೇಲೆ ಬೀಳುವುದಿಲ್ಲ, ಆದರೂ "ಒಬ್ಬ ಜಾಸ್ತಿ ಆದರೆ ಏನಾಯಿತು" ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಎರಡನೇ ಹೆಜ್ಜೆ: ಯಾವ ಜಾಡಿನಲ್ಲಿ ಸೀಳಬೇಕು ಅಂತ ನೋಡಿ

ಕೆಲಸ ಹಂಚುವುದು ಕಟ್ಟಿಗೆ ಸೀಳಿದ ಹಾಗೆ, ಜಾಡು ನೋಡಿ ಕೊಡಲಿ ಹಾಕಬೇಕು. ವ್ಯಾಪಾರದಲ್ಲಿ ಸಾಮಾನ್ಯವಾಗಿ ನಾಲ್ಕು ಜಾಡು ಇರುತ್ತವೆ. ಕೆಲಸದ ಬಗೆ: ಖರೀದಿ, ತಯಾರಿ, ಮಾರಾಟ, ಲೆಕ್ಕ. ಮಾಲಿನ ಬಗೆ: ಕರಿದ ತಿಂಡಿ, ಸಿಹಿ, ಮಸಾಲೆ ಪುಡಿ. ಜಾಗ: ಬೆಂಗಳೂರು, ಮೈಸೂರು, ಹುಬ್ಬಳ್ಳಿ. ಗಿರಾಕಿಯ ಬಗೆ: ಅಂಗಡಿಗೆ ಬರುವವರು, ಹೋಲ್‌ಸೇಲ್‌ನವರು, ಮದುವೆ ಆರ್ಡರ್‌ನವರು.

ಈ ನಾಲ್ಕರಲ್ಲಿ ಯಾವುದು ನಿಜಕ್ಕೂ ಬೇರೆ ಬೇರೆ ಇದೆ? ಇಲ್ಲಿ ತಪ್ಪಿದರೆ ಮುಂದಿನದೆಲ್ಲಾ ತಪ್ಪುತ್ತದೆ. ನಾನೇ ತಪ್ಪಿದ್ದೇನೆ, ಹೇಳಿಬಿಡುತ್ತೇನೆ. ಅದೇ ಕಾಂಡಿಮೆಂಟ್ಸ್‌ನಲ್ಲಿ ಮೂರು ಅಂಗಡಿ ಇದ್ದವಲ್ಲ, ಮೂರಕ್ಕೂ ಮೂರು ಜನ ಇನ್‌ಚಾರ್ಜ್ ಮಾಡಿ, ಖರೀದಿಯಿಂದ ಕರಿಯುವವರೆಗೆ ಎಲ್ಲಾ ಅವರವರೇ ನೋಡಿಕೊಳ್ಳಲಿ ಅಂತ ಸಲಹೆ ಕೊಟ್ಟೆ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಮೂವರೂ ಮೂರು ಕಡೆಯಿಂದ ಅಕ್ಕಿಹಿಟ್ಟು ತರಿಸತೊಡಗಿದರು. ಒಬ್ಬರದ್ದು ನಯ, ಒಬ್ಬರದ್ದು ತರಿ. ಒಂದೇ ಹೆಸರಿನ ಪ್ಯಾಕೆಟ್, ಮೂರು ರುಚಿಯ ಚಕ್ಕುಲಿ. ಹಳೆಯ ಗಿರಾಕಿ ಒಬ್ಬರು ಬಂದು "ಈ ಅಂಗಡೀದು ಮುಂಚಿನ ಹಾಗಿಲ್ಲ" ಅಂದಾಗ ಅಣ್ಣನ ಮುಖ ಬಾಡಿದ್ದು ಇನ್ನೂ ಕಣ್ಣ ಮುಂದಿದೆ. ಮೂರು ಜನ ಕೊಳ್ಳುತ್ತಿದ್ದರಿಂದ ಸಗಟು ದರವೂ ಕೈತಪ್ಪಿತು. ಮಾಲು ಒಂದೇ, ರುಚಿ ಒಂದೇ, ಊರು ಒಂದೇ. ಅಲ್ಲಿ ಜಾಗದ ಜಾಡೇ ಇರಲಿಲ್ಲ, ನಾನು ಅಡ್ಡಡ್ಡ ಸೀಳಿಬಿಟ್ಟಿದ್ದೆ.

ಮೂರನೇ ಹೆಜ್ಜೆ: ಒಂದೊಂದು ಬಗೆಯ ರಚನೆಯನ್ನೂ ಅದರ ಬೆಲೆಯ ಜೊತೆ ನೋಡಿ

ಒಬ್ಬರೇ ಎಲ್ಲಾ ನೋಡಿಕೊಳ್ಳುವ ರಚನೆಯಿಂದ ಶುರು ಮಾಡೋಣ. ಹತ್ತು ಹನ್ನೆರಡು ಜನರವರೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ತೀರ್ಮಾನ ಬೇಗ ಆಗುತ್ತದೆ, ಖರ್ಚಿಲ್ಲ. ಯಾರೋ ಹೇಳಿದರು ಅಂತ ಆರು ಜನರ ಅಂಗಡಿಯಲ್ಲಿ ಇಬ್ಬರು ಮ್ಯಾನೇಜರ್ ಇಡಬೇಡಿ. ಯಜಮಾನರಿಗೆ ಜ್ವರ ಬಂದ ದಿನ ಅಂಗಡಿ ನಡೆಯುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ನಡೆಯುವುದಿಲ್ಲ ಅಂದರೆ ಮುಂದಿನ ಹಂತಕ್ಕೆ ಹೊತ್ತಾಯಿತು.

ಮುಂದಿನದು ಕೆಲಸವಾರು ವಿಭಾಗ, ಕಂಪನಿಗಳಲ್ಲಿ ಫಂಕ್ಷನಲ್ ಅನ್ನುತ್ತಾರೆ. ಖರೀದಿಗೆ ಒಬ್ಬರು, ತಯಾರಿಗೆ ಒಬ್ಬರು, ಮಾರಾಟಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು. ಒಂದೇ ಕೆಲಸ ಮಾಡುವವರೆಲ್ಲ ಒಂದೇ ಕಡೆ ಇರುವುದರಿಂದ ಕೈ ಪಳಗುತ್ತದೆ, ಹೊಸಬರು ಕಲಿಯುತ್ತಾರೆ, ಸಾಮಾನು ಒಟ್ಟಿಗೆ ಕೊಳ್ಳಬಹುದು. ಇದು ಸಣ್ಣವರಿಗೆ ಮಾತ್ರ ಅಂದುಕೊಳ್ಳಬೇಡಿ. 1997ರಲ್ಲಿ ಸ್ಟೀವ್ ಜಾಬ್ಸ್ ಆಪಲ್‌ಗೆ ವಾಪಸ್ ಬಂದಾಗ ಅಲ್ಲಿ ಬೇರೆ ಬೇರೆ ಘಟಕಗಳಿದ್ದವು, ಪ್ರತಿಯೊಂದಕ್ಕೂ ತನ್ನದೇ ಲಾಭ ನಷ್ಟದ ಲೆಕ್ಕ ಇತ್ತು. ಅವರು ಆ ಘಟಕಗಳ ಮುಖ್ಯಸ್ಥರನ್ನು ತೆಗೆದು, ಇಡೀ ಕಂಪನಿಗೆ ಒಂದೇ ಲಾಭ ನಷ್ಟದ ಲೆಕ್ಕ ಇಟ್ಟು, ವಿನ್ಯಾಸ, ಹಾರ್ಡ್‌ವೇರ್, ಸಾಫ್ಟ್‌ವೇರ್, ಮಾರಾಟ ಅಂತ ಕೆಲಸವಾರು ಹಂಚಿದರು. ಕೆಲವೇ ಮಾಲು, ಪ್ರತಿಯೊಂದರಲ್ಲೂ ಒಂದೇ ಗುಣಮಟ್ಟ ಬೇಕು ಅನ್ನುವವರಿಗೆ ಇದು ಒಗ್ಗುತ್ತದೆ. ನಮ್ಮ ಚಕ್ಕುಲಿಯ ಕಥೆಯೂ ಅದೇ.

ಇದರ ಬೆಲೆ ಏನು? ವಿಭಾಗಗಳ ನಡುವೆ ಗೋಡೆ ಏಳುತ್ತದೆ. ಗಿರಾಕಿಗೆ ಮಾಲು ತಡವಾದರೆ ತಪ್ಪು ಯಾರದು? ಖರೀದಿಯವರು ತಯಾರಿಯ ಕಡೆ ಬೆರಳು ತೋರಿಸುತ್ತಾರೆ, ತಯಾರಿಯವರು ಗಾಡಿಯ ಕಡೆ. ಇಡೀ ಗಿರಾಕಿ ಯಾರೊಬ್ಬರ ಜವಾಬ್ದಾರಿಯೂ ಅಲ್ಲ, ಮೇಲಿರುವ ಯಜಮಾನರನ್ನು ಬಿಟ್ಟರೆ. ಮಾಲಿನ ಬಗೆ ಹೆಚ್ಚಿದಷ್ಟೂ ಈ ಗೋಡೆ ಎತ್ತರವಾಗುತ್ತದೆ.

ಆಗ ಬರುವುದು ಘಟಕವಾರು ರಚನೆ, ಡಿವಿಷನಲ್ ಅನ್ನುವುದು ಇದನ್ನೇ. ಪ್ರತಿ ಘಟಕಕ್ಕೂ ತನ್ನದೇ ತಯಾರಿ, ತನ್ನದೇ ಮಾರಾಟ, ತನ್ನದೇ ಲಾಭ ನಷ್ಟ. ಇದು ಹುಟ್ಟಿದ ಬಗೆ ತಿಳಿದರೆ ಯಾವಾಗ ಬೇಕು ಅಂತ ಗೊತ್ತಾಗುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿ ಮೂಲತಃ ಸಿಡಿಮದ್ದು ಮಾಡುತ್ತಿತ್ತು. ಮೊದಲ ಮಹಾಯುದ್ಧ ಮುಗಿದರೆ ಸಿಡಿಮದ್ದು ಕೊಳ್ಳುವವರು ಕಡಿಮೆಯಾಗುತ್ತಾರೆ, ಕಾರ್ಖಾನೆಗಳು ಖಾಲಿ ಕೂರುತ್ತವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ಪೇಂಟ್, ಬಟ್ಟೆಯ ಬಣ್ಣ, ಕೃತಕ ಚರ್ಮ ಹೀಗೆ ಹೊಸ ಮಾಲುಗಳಿಗೆ ಕೈಹಾಕಿದರು. ಆದರೆ ಖರೀದಿ, ಮಾರಾಟದ ವಿಭಾಗಗಳು ಮಾತ್ರ ಹಳೆಯವೇ. ಸಿಡಿಮದ್ದನ್ನು ಟನ್‌ಗಟ್ಟಲೆ ಕೆಲವೇ ದೊಡ್ಡ ಗಿರಾಕಿಗಳಿಗೆ ಮಾರಿ ರೂಢಿಯಾಗಿದ್ದವರು ಈಗ ಪೇಂಟನ್ನು ಡಬ್ಬಿ ಡಬ್ಬಿಯಾಗಿ ಸಣ್ಣ ಅಂಗಡಿಗಳಿಗೆ ಮಾರಬೇಕಾಯಿತು. ಪೇಂಟಿನ ಮಾರಾಟ ಏರುತ್ತಿತ್ತು, ನಷ್ಟವೂ ಏರುತ್ತಿತ್ತು! ಕೊನೆಗೆ 1921ರಲ್ಲಿ ಮಾಲಿನ ಪ್ರಕಾರ ಘಟಕ ಮಾಡಿ, ಪ್ರತಿಯೊಂದಕ್ಕೂ ಬೇರೆ ಮುಖ್ಯಸ್ಥ, ಬೇರೆ ಲೆಕ್ಕ ಇಟ್ಟರು. ಅದೇ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಆಲ್ಫ್ರೆಡ್ ಸ್ಲೋನ್ ಶೆವರ್ಲೆ, ಬ್ಯೂಕ್, ಕ್ಯಾಡಿಲಾಕ್ ಅಂತ ಕಾರಿನ ಹೆಸರುವಾರು ಘಟಕಗಳಿಗೆ ದಿನನಿತ್ಯದ ಸ್ವಾತಂತ್ರ್ಯ ಕೊಟ್ಟು, ಹಣದ ಹಿಡಿತವನ್ನು ಮಾತ್ರ ಕೇಂದ್ರದಲ್ಲಿ ಇಟ್ಟುಕೊಂಡರು.

ನಮ್ಮ ಊರಿನಲ್ಲೇ ಒಂದು ಉದಾಹರಣೆ ಇದೆ. ಎಂಟಿಆರ್ 1924ರಲ್ಲಿ ಹೋಟೆಲ್ಲಾಗಿ ಶುರುವಾಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ದರ ನಿಗದಿ ಮಾಡಿದಾಗ ಆ ದರಕ್ಕೆ ನಡೆಸುವುದು ಕಷ್ಟವಾಗಿ, ಪುಡಿ ಮತ್ತು ಮಿಕ್ಸ್‌ಗಳ ದಾರಿ ಹಿಡಿದರು. ಹೋಟೆಲ್ ನಡೆಸುವುದೂ ಪ್ಯಾಕೆಟ್ ಮಾರುವುದೂ ಎರಡು ಬೇರೆ ಲೋಕ. ದೋಸೆ ಹಾಕಿದ ಐದು ನಿಮಿಷದಲ್ಲಿ ತಟ್ಟೆಗೆ ಬರಬೇಕು, ರವೆ ಇಡ್ಲಿ ಮಿಕ್ಸ್ ತಿಂಗಳುಗಟ್ಟಲೆ ಅಂಗಡಿ ಕಪಾಟಿನಲ್ಲಿ ಕೆಡದೆ ಕೂರಬೇಕು. ಅವು ಎರಡು ಬೇರೆ ವ್ಯವಹಾರಗಳಾಗಿಯೇ ಬೆಳೆದವು. ಹಾಗಿದ್ದದ್ದಕ್ಕೇ 2007ರಲ್ಲಿ ಎಂಟಿಆರ್ ಫುಡ್ಸ್ ಅನ್ನು ನಾರ್ವೆಯ ಓರ್ಕ್ಲಾ ಕೊಂಡಾಗ ಹೋಟೆಲ್ ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು. ಎರಡರ ಲೆಕ್ಕವೂ ಒಂದೇ ಗಲ್ಲಾದಲ್ಲಿ ಕಲಸಿಹೋಗಿದ್ದರೆ ಒಂದನ್ನು ಮಾರಿ ಇನ್ನೊಂದನ್ನು ಇಟ್ಟುಕೊಳ್ಳುವುದು ಸುಲಭವಿರುತ್ತಿರಲಿಲ್ಲ.

ಘಟಕವಾರು ಹೋದರೆ ತೆರಬೇಕಾದ ಬೆಲೆ ಅಂದರೆ ಎಲ್ಲವೂ ಎರಡೆರಡು. ಎರಡು ಖರೀದಿ, ಎರಡು ಲೆಕ್ಕ, ಎರಡು ಸ್ಟೋರ್ಸ್. ಒಂದು ಘಟಕ ಕಲಿತ ಪಾಠ ಇನ್ನೊಂದಕ್ಕೆ ತಲುಪುವುದಿಲ್ಲ. ಕೆಲವೊಮ್ಮೆ ಒಂದೇ ಗಿರಾಕಿಯ ಬಾಗಿಲಿಗೆ ನಿಮ್ಮದೇ ಇಬ್ಬರು ಹೋಗಿ ಎರಡು ದರ ಹೇಳುತ್ತಾರೆ.

ಮ್ಯಾಟ್ರಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬ ಕೆಲಸಗಾರನಿಗೆ ಇಬ್ಬರು ಬಾಸ್, ಒಬ್ಬರು ಕೆಲಸದ ಕಡೆಯಿಂದ, ಒಬ್ಬರು ಪ್ರಾಜೆಕ್ಟ್ ಅಥವಾ ದೇಶದ ಕಡೆಯಿಂದ. 1988ರಲ್ಲಿ ಯುರೋಪಿನ ಎರಡು ಕಂಪನಿ ಸೇರಿ ಆದ, ವಿದ್ಯುತ್ ಯಂತ್ರೋಪಕರಣ ಮಾಡುವ ಎಬಿಬಿ ಇದಕ್ಕೆ ಹೆಸರುವಾಸಿಯಾಗಿತ್ತು. ಹತ್ತು ವರ್ಷದ ಮೇಲೆ, 1998ರಲ್ಲಿ, ಅವರೇ ಅದನ್ನು ಬಿಚ್ಚಿಹಾಕಿದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದರ ರುಚಿ ಗೊತ್ತು: ಪ್ರಾಜೆಕ್ಟ್ ಮ್ಯಾನೇಜರ್ ರಜೆ ಕೊಡುತ್ತಾರೆ, ಅಪ್ರೈಸಲ್ ಬರೆಯುವವರು ಇನ್ನೊಬ್ಬರು. ನೂರು ಜನರೂ ಇಲ್ಲದ ವ್ಯಾಪಾರಕ್ಕೆ ಇದು ಬೇಡವೇ ಬೇಡ. ತೀರಾ ಬೇಕಾದರೆ ಸಂಬಳ, ರಜೆ, ಬಡ್ತಿ ಯಾರ ಕೈಯಲ್ಲಿ ಅನ್ನುವುದು ಒಬ್ಬರಿಗೇ ಇರಲಿ.

ಬಾಸ್‌ಗಳೇ ಕಡಿಮೆ ಇರುವ ಚಪ್ಪಟೆ ರಚನೆಯೂ ಇದೆ. ನೀರು ಒಳಬಿಡದ ಗೋರ್‌ಟೆಕ್ಸ್ ಬಟ್ಟೆ ಮಾಡುವ ಡಬ್ಲ್ಯು. ಎಲ್. ಗೋರ್ ಕಂಪನಿ 1958ರಿಂದ ಆ ದಾರಿಯಲ್ಲಿದೆ. ಒಂದು ಕಾರ್ಖಾನೆಯಲ್ಲಿ ಸುಮಾರು 200 ಜನ ದಾಟಿದರೆ ಒಬ್ಬರಿಗೊಬ್ಬರ ಪರಿಚಯ ತಪ್ಪುತ್ತದೆ ಅಂತ ಸ್ಥಾಪಕರಾದ ಬಿಲ್ ಗೋರ್ ಘಟಕಗಳನ್ನೇ ಸಣ್ಣದಾಗಿ ಇಟ್ಟರು. ಬಾಸ್ ಬೇಡ ಅನ್ನುವವರು ಈ ಅರ್ಧವನ್ನು ಮರೆಯುತ್ತಾರೆ. ಪರಿಚಯ, ನಂಬಿಕೆ ಇಲ್ಲದ ಕಡೆ ಚಪ್ಪಟೆ ಮಾಡಿದರೆ ಗಟ್ಟಿ ದನಿಯವರೇ ಬಾಸ್ ಆಗಿಬಿಡುತ್ತಾರೆ.

ಇನ್ನೊಂದು ಬಗೆ ನನಗೆ ತುಂಬಾ ಹತ್ತಿರದ್ದು, ಯಾಕೆಂದರೆ ನಾವು ದಿನಾ ಬೆಳಿಗ್ಗೆ ಅದರ ಹಾಲು ಕುಡಿಯುತ್ತೇವೆ. ಕೆಎಂಎಫ್. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯ ಜೊತೆ ಹೈನುಗಾರಿಕೆ ಅಭಿವೃದ್ಧಿ ನಿಗಮವಾಗಿ ಶುರುವಾಗಿ, 1984ರಲ್ಲಿ ಮಹಾಮಂಡಳಿ ಆಯಿತು. ಮೂಲ ಮಾದರಿ ಗುಜರಾತಿನ ಆಣಂದ್‌ದು. ಮೂರು ಹಂತ ಇವೆ. ಹಳ್ಳಿಯ ಸಂಘ ಹಾಲು ಅಳೆಯುತ್ತದೆ, ಫ್ಯಾಟ್ ನೋಡುತ್ತದೆ, ರೈತರಿಗೆ ಬಟವಾಡೆ ಮಾಡುತ್ತದೆ. ಜಿಲ್ಲೆಯ ಒಕ್ಕೂಟ ಹಾಲನ್ನು ತಂಪು ಮಾಡಿ, ಪಾಶ್ಚರೀಕರಿಸಿ, ಪ್ಯಾಕೆಟ್ ಮಾಡುತ್ತದೆ. ಮಹಾಮಂಡಳಿ ನಂದಿನಿ ಎಂಬ ಹೆಸರನ್ನು, ಒಟ್ಟು ಮಾರುಕಟ್ಟೆಯನ್ನು ನೋಡಿಕೊಳ್ಳುತ್ತದೆ. ಹಾಲು ಕೆಲವೇ ಗಂಟೆಗಳಲ್ಲಿ ಕೆಡುವ ವಸ್ತು, ಅದರ ತೀರ್ಮಾನ ಹಳ್ಳಿಯಲ್ಲೇ ಆಗಬೇಕು. ಬ್ರ್ಯಾಂಡ್ ಬೆಳೆಯಲು ವರ್ಷಗಳು ಬೇಕು, ಅದರ ತೀರ್ಮಾನ ಮೇಲೆ ಆಗಬಹುದು. ಬೇಗ ಕೆಡುವುದರ ಅಧಿಕಾರ ಕೆಳಗೆ, ನಿಧಾನಕ್ಕೆ ಬೆಳೆಯುವುದರ ಅಧಿಕಾರ ಮೇಲೆ. ಸಹಕಾರ ಸಂಘ ಮಾಡದವರೂ ಈ ಹಂಚಿಕೆಯನ್ನು ಎತ್ತಿಕೊಳ್ಳಬಹುದು.

ಹಾಗೆಯೇ 1959ರಲ್ಲಿ ಮುಂಬಯಿಯಲ್ಲಿ 7 ಮಹಿಳೆಯರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್ ನೋಡಿ. ಹಿಟ್ಟು ನಾದುವುದು ಶಾಖೆಯಲ್ಲಿ ಒಂದೇ ಕಡೆ, ಲಟ್ಟಿಸುವುದು ಮನೆಮನೆಗಳಲ್ಲಿ. ರುಚಿ ಎಲ್ಲಿ ತೀರ್ಮಾನವಾಗುತ್ತದೋ ಅದನ್ನು ಒಟ್ಟಿಗೆ ಇಟ್ಟು, ಉಳಿದದ್ದನ್ನು ಹಂಚಿಬಿಟ್ಟರು. ಮೂರು ಅಡುಗೆಮನೆ ಮಾಡಿ ರುಚಿ ಕೆಡಿಸಿಕೊಂಡ ಮೇಲೆ ನನಗೆ ದಾರಿ ತೋರಿಸಿದ್ದು ಇದೇ.

ನಾಲ್ಕನೇ ಹೆಜ್ಜೆ: ಆರಿಸಿಕೊಳ್ಳಿ, ಅಗತ್ಯ ಬಿದ್ದರೆ ಕಲಸಿ

ನಿಮ್ಮ ನೋಟ್‌ಬುಕ್ ತೆಗೆಯಿರಿ. ಪ್ರಶ್ನೆಗಳು ಜಾಸ್ತಿ ಗುಣಮಟ್ಟ, ಖರೀದಿ ದರ, ಕೈಚಳಕದ ಬಗ್ಗೆ ಇದ್ದರೆ ಕೆಲಸವಾರು ಹೋಗಿ. "ಈ ಗಿರಾಕಿಗೆ ಇದು ಒಗ್ಗುವುದಿಲ್ಲ, ಆ ಊರಿನಲ್ಲಿ ಅದು ನಡೆಯುವುದಿಲ್ಲ" ಅನ್ನುವ ಬಗೆಯವು ಇದ್ದರೆ ಘಟಕವಾರು ಯೋಚಿಸಿ. ಇಡೀ ಸಂಸ್ಥೆಗೆ ಒಂದೇ ಬಗೆ ಇರಬೇಕು ಅಂತ ಎಲ್ಲೂ ಇಲ್ಲ.

ಕಾಂಡಿಮೆಂಟ್ಸ್‌ನಲ್ಲಿ ಕೊನೆಗೆ ಹೀಗೆ ಮಾಡಿದೆವು. ಖರೀದಿ ಮತ್ತು ಅಡುಗೆ ಒಂದೇ, ಅದಕ್ಕೆ ತಮ್ಮ ಹೊಣೆ. ಮೂರು ಅಂಗಡಿ ಒಂದು ಘಟಕ, ಅದಕ್ಕೆ ಹನ್ನೆರಡು ವರ್ಷದಿಂದ ಗಲ್ಲಾದಲ್ಲಿ ಕೂತಿದ್ದ ಅಕ್ಕ ಹೊಣೆ. ಹೋಲ್‌ಸೇಲ್ ಇನ್ನೊಂದು ಘಟಕ. ಅದನ್ನು ಬೇರೆ ಮಾಡಿದ್ದು ಯಾಕೆಂದರೆ ಅಲ್ಲಿ ಉದ್ರಿ ಇದೆ, ಮೂವತ್ತು ದಿನದ ಬಾಕಿ ಇದೆ, ದರದ ಚೌಕಾಸಿ ಇದೆ, ಅಂಗಡಿಯ ನಗದು ವ್ಯಾಪಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಲೆಕ್ಕ ಅಣ್ಣನ ಹತ್ತಿರವೇ ಉಳಿಯಿತು.

ಐದನೇ ಹೆಜ್ಜೆ: ಅಧಿಕಾರದ ಹಾಳೆ ಬರೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ನಿಮಗೆ ಸಮಯವೇ ಇಲ್ಲ ಅಂದರೆ ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನಾದರೂ ಮಾಡಿ. ಒಂದು ಹಾಳೆ, ಎಡಗಡೆ ವಿಷಯ, ಬಲಗಡೆ ಹೆಸರು, ಮಧ್ಯದಲ್ಲಿ ಮಿತಿ. "ದಿನಸಿ ಖರೀದಿ, ಒಂದು ಸಲಕ್ಕೆ 5,000 ರೂಪಾಯಿವರೆಗೆ, ಭಟ್ಟರು." "ಗಿರಾಕಿಗೆ ದುಡ್ಡು ವಾಪಸ್, 500 ರೂಪಾಯಿವರೆಗೆ, ಗಲ್ಲಾದಲ್ಲಿ ಕೂತವರು." "ಹೊಸ ಹೋಲ್‌ಸೇಲ್ ಗಿರಾಕಿಗೆ ಉದ್ರಿ, 20,000 ರೂಪಾಯಿವರೆಗೆ, ಹೋಲ್‌ಸೇಲ್ ಇನ್‌ಚಾರ್ಜ್. ಅದಕ್ಕಿಂತ ಜಾಸ್ತಿ ಆದರೆ ಅಣ್ಣ." "ಮಾರಾಟ ದರ ಬದಲಾವಣೆ, ಅಣ್ಣ ತಮ್ಮ ಇಬ್ಬರೂ ಸೇರಿ." ಒಂದು ವಿಷಯಕ್ಕೆ ಒಂದೇ ಹೆಸರು ಇರಲಿ. ಎರಡು ಹೆಸರು ಬರೆದರೆ ಒಬ್ಬರು ಇನ್ನೊಬ್ಬರು ಮಾಡುತ್ತಾರೆ ಅಂತ ಬಿಡುತ್ತಾರೆ. ದರದ ವಿಷಯದಲ್ಲಿ ಇಬ್ಬರೂ ಸಹಿ ಹಾಕಲೇಬೇಕು ಅಂತ ಬೇಕೆಂದೇ ಇಟ್ಟಿದ್ದು, ಅದೊಂದೇ ಬೇರೆ.

ಹಣದ ಮಿತಿ ಅಲ್ಲದೆ ನಿಲ್ಲಿಸುವ ಅಧಿಕಾರವನ್ನೂ ಬರೆಯಿರಿ. ಟೊಯೊಟಾ ಕಾರ್ಖಾನೆಗಳಲ್ಲಿ ಲೈನ್‌ನಲ್ಲಿ ನಿಂತ ಕೆಲಸಗಾರನಿಗೆ ದೋಷ ಕಂಡರೆ ಒಂದು ಹಗ್ಗ ಎಳೆಯಬಹುದು, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಆಗಲೂ ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. ಕೆಳಗಿನ ಮೆಟ್ಟಿಲಿನವನಿಗೆ ಅಷ್ಟು ದೊಡ್ಡ ಅಧಿಕಾರ. ನಮ್ಮಲ್ಲಿ ಪ್ಯಾಕಿಂಗ್ ಮಾಡುವ ಹೆಣ್ಣುಮಕ್ಕಳಿಗೆ ಆ ಅಧಿಕಾರ ಕೊಟ್ಟೆವು: ಕಮಟು ವಾಸನೆ ಬಂದರೆ ಆ ಟ್ರೇ ಪ್ಯಾಕ್ ಮಾಡುವಂತಿಲ್ಲ, ಯಾರು ಹೇಳಿದರೂ ಸರಿ. ದಿನಾ ಎಂಟು ಗಂಟೆ ಮೂಗಿನ ಕೆಳಗೆ ಚಕ್ಕುಲಿ ಇಟ್ಟುಕೊಳ್ಳುವವರಿಗಿಂತ ಅದು ಬೇರೆ ಯಾರಿಗೆ ಚೆನ್ನಾಗಿ ಗೊತ್ತಾಗುತ್ತದೆ?

ಆರನೇ ಹೆಜ್ಜೆ: ಪ್ರತಿ ಮುಖ್ಯಸ್ಥರಿಗೆ ಎರಡು ಅಂಕಿ ಕೊಡಿ, ಒಂದಲ್ಲ

ಒಂದೇ ಅಂಕಿ ಕೊಟ್ಟರೆ ಅದಕ್ಕಾಗಿ ಉಳಿದದ್ದನ್ನು ಬಲಿ ಕೊಡುತ್ತಾರೆ. ಕೆಟ್ಟವರು ಅಂತಲ್ಲ, ಅಳತೆಯೇ ಹಾಗೆ ಮಾಡಿಸುತ್ತದೆ. ಅಡುಗೆ ಘಟಕಕ್ಕೆ "ಎಣ್ಣೆ ಖರ್ಚು ಇಳಿಸಿ" ಅಂತ ಮಾತ್ರ ಹೇಳಿ ನೋಡಿ, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುತ್ತಾರೆ. ಎಣ್ಣೆ ಮತ್ತೆ ಮತ್ತೆ ಕಾದಷ್ಟೂ ಹೆಚ್ಚುವ ಪೋಲಾರ್ ಅಂಶ ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಅಂತ 2018ರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮವೇ ಇದೆ. ಹಾಗಾಗಿ ಎಣ್ಣೆ ಖರ್ಚಿನ ಜೊತೆ ವಾಪಸ್ ಬಂದ ಮಾಲಿನ ಲೆಕ್ಕವನ್ನೂ ಅದೇ ಮುಖ್ಯಸ್ಥರಿಗೆ ಕೊಡಿ. ಹೋಲ್‌ಸೇಲ್‌ನವರಿಗೆ ಮಾರಾಟದ ಜೊತೆ ವಸೂಲಿ. ಅಂಗಡಿಯವರಿಗೆ ಗಲ್ಲಾದ ಜೊತೆ ಉಳಿದು ಹಾಳಾದ ಮಾಲು.

ಘಟಕ ಮಾಡಿದ ಮೇಲೆ ಒಳಗಿನ ದರವೂ ಬೇಕು. ಅಡುಗೆ ಘಟಕ ಅಂಗಡಿಗೆ ಮಾಲು ಕೊಡುವಾಗ ಕಿಲೋಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿ ಬರೆದಿಡಿ, ಮೂರು ತಿಂಗಳು ಬದಲಾಯಿಸಬೇಡಿ. ಇಲ್ಲದಿದ್ದರೆ ಯಾವ ಘಟಕ ದುಡಿಯುತ್ತಿದೆ, ಯಾವುದು ತಿನ್ನುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಏಳನೇ ಹೆಜ್ಜೆ: ಜನರನ್ನು ಕೂರಿಸಿ

ಮನೆಯ ವ್ಯಾಪಾರದಲ್ಲಿ ಕಷ್ಟ ಇರುವುದೇ ಇಲ್ಲಿ. ಭಾವಮೈದನಿಗೆ ಏನಾದರೂ ಜಾಗ ಮಾಡಬೇಕು ಅಂತ ಒಂದು ವಿಭಾಗ ಹುಟ್ಟಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೊದಲು ಜಾಗ ಬರೆಯಿರಿ, ಹೆಸರು ಆಮೇಲೆ. ಸಂಬಂಧಿಕರಿಗೆ ಸಹಾಯ ಮಾಡಬೇಕಾದರೆ ದುಡ್ಡಿನಲ್ಲಿ ಮಾಡಿ, ಅಧಿಕಾರದ ಹಾಳೆಯಲ್ಲಿ ಬೇಡ.

ಇನ್ನೊಂದು, ಒಳ್ಳೆಯ ಭಟ್ಟರು ಒಳ್ಳೆಯ ಮೇಲ್ವಿಚಾರಕರಾಗಬೇಕು ಅಂತೇನಿಲ್ಲ. ನಮ್ಮ ಹಿರಿಯ ಭಟ್ಟರಿಗೆ ಹಾಜರಿ ಪುಸ್ತಕ, ಇಂಡೆಂಟ್ ಎಲ್ಲಾ ಹೊರಿಸಿದಾಗ ಅವರು ಒಂದೇ ತಿಂಗಳಲ್ಲಿ ಸೊರಗಿ, "ನನ್ನನ್ನು ಬಾಣಲೆ ಮುಂದೆ ಬಿಟ್ಟುಬಿಡಿ" ಅಂದರು. ಅವರ ಸಂಬಳ ಇಳಿಸದೆ, ಗೌರವ ಇಳಿಸದೆ ವಾಪಸ್ ಬಾಣಲೆಗೆ ಕಳಿಸಿ, ಹಾಜರಿಯನ್ನು ಅವರ ಶಿಷ್ಯನಿಗೆ ಕೊಟ್ಟೆವು. ಮೇಲೇರಲು ಬಾಸ್ ಆಗುವುದೊಂದೇ ದಾರಿ ಅಂತ ಮಾಡಬೇಡಿ. ಕೈಗುಣ ಇರುವವರಿಗೆ ಸಂಬಳ ಏರುವ ಬೇರೆ ದಾರಿ ಇಡಿ.

ಎಂಟನೇ ಹೆಜ್ಜೆ: ಹೊಲಿಗೆ ಹಾಕಿ

ಹೇಗೆ ಸೀಳಿದರೂ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಅಲ್ಲಿಗೆ ಹೊಲಿಗೆ ಬೇಕು. ನಮ್ಮಲ್ಲಿ ಅದು ಅಡುಗೆ ಮತ್ತು ಅಂಗಡಿಯ ನಡುವೆ. ದಿನಾ ಸಂಜೆ ಐದಕ್ಕೆ ಹತ್ತು ನಿಮಿಷ, ನಿಂತುಕೊಂಡೇ, ನಾಳೆಯ ಇಂಡೆಂಟ್ ಮಾತ್ರ. ಐದೂವರೆಯ ಮೇಲೆ ಇಂಡೆಂಟ್ ಬದಲಾಯಿಸುವಂತಿಲ್ಲ. ಅಣ್ಣ ಅದರಲ್ಲಿ ಇರುವುದಿಲ್ಲ, ಇರಬಾರದು. ಅವರು ನಿಂತರೆ ಎಲ್ಲರ ಕಣ್ಣೂ ಅವರ ಮುಖದ ಕಡೆಗೇ ತಿರುಗುತ್ತದೆ. ವಾರಕ್ಕೊಮ್ಮೆ ಮೂರು ಮುಖ್ಯಸ್ಥರ ಜೊತೆ ಅಣ್ಣ ಕೂತು ಆ ಎರಡೆರಡು ಅಂಕಿ ನೋಡುತ್ತಾರೆ.

ಒಂಬತ್ತನೇ ಹೆಜ್ಜೆ: ಯಾವಾಗ, ಹೇಗೆ ಬದಲಾಯಿಸಬೇಕು

ಸೀಸನ್‌ನಲ್ಲಿ ಬೇಡ. ಗೌರಿ ಗಣೇಶ ಹಬ್ಬದಿಂದ ದೀಪಾವಳಿವರೆಗೆ ಕಾಂಡಿಮೆಂಟ್ಸ್‌ನಲ್ಲಿ ಉಸಿರಾಡಲೂ ಹೊತ್ತಿರುವುದಿಲ್ಲ. ನಾವು ಆಷಾಢದಲ್ಲಿ ಮಾಡಿದೆವು, ಆಗ ಆರ್ಡರ್ ಕಡಿಮೆ. ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ಮೊದಲು ಒಂದು ಘಟಕ, ಆರು ವಾರ ನೋಡಿ, ಆಮೇಲೆ ಮುಂದಿನದು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿ, ಆದರೆ ಜವಾಬ್ದಾರಿ ಕಡಿಮೆಯಾಗುವವರಿಗೆ ಹಿಂದಿನ ದಿನವೇ ಒಬ್ಬೊಬ್ಬರನ್ನಾಗಿ ಕರೆದು ಹೇಳಿ. ನಾಲ್ಕು ಜನರ ಮುಂದೆ ಗೊತ್ತಾದರೆ ಆ ನೋವು ಹೋಗುವುದಿಲ್ಲ.

ಆಮೇಲೆ ಬರುವುದು ಯಜಮಾನರ ಪರೀಕ್ಷೆ. ಹಾಳೆ ಬರೆದ ಮರುದಿನವೂ ಜನ ನಿಮಗೇ ಫೋನ್ ಮಾಡುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೇಳಬೇಡಿ. "ಹಾಳೆಯಲ್ಲಿ ಯಾರ ಹೆಸರಿದೆ? ಅವರನ್ನು ಕೇಳಿ" ಅಷ್ಟೇ ಅನ್ನಿ. ಒಂದು ಸಲ ನೀವು ಉತ್ತರ ಕೊಟ್ಟರೆ ಹಾಳೆ ಸುಮ್ನೆ ಗೋಡೆಗೆ ಅಂಟಿಸಿದ ಕಾಗದ. ಅವರು ತಪ್ಪು ತೀರ್ಮಾನ ಮಾಡಿದಾಗಲೂ, ನಷ್ಟ ಆ ಮಿತಿಯೊಳಗೇ ಇದ್ದರೆ ಎಲ್ಲರ ಮುಂದೆ ಬೈಯಬೇಡಿ. ಮೊದಲ ತಿಂಗಳು ಭಟ್ಟರ ಶಿಷ್ಯ ಎರಡು ಡಬ್ಬ ಎಣ್ಣೆಯನ್ನು ಜಾಸ್ತಿ ದರಕ್ಕೆ ತಂದ. ಅಣ್ಣ ಬಿಲ್ ನೋಡಿದರು, ಏನೂ ಅನ್ನಲಿಲ್ಲ, ಎಣ್ಣೆ ಸಿಗುವ ಮೂರು ಅಂಗಡಿಗಳ ನಂಬರ್ ಬರೆದುಕೊಟ್ಟರು. ಮುಂದಿನ ಸಲ ಅವನು ಮೂರೂ ಕಡೆ ಕೇಳಿ ತಂದ.

ಆರು ತಿಂಗಳ ಮೇಲೆ

ಅದೇ ನೋಟ್‌ಬುಕ್ ಮತ್ತೆ ತೆಗೆದು ಇನ್ನೊಂದು ವಾರ ಬರೆಯಿರಿ. ಎರಡನೆಯ ಗುಂಪಿನ ಪ್ರಶ್ನೆಗಳು ಇಳಿದಿವೆಯಾ? ಇಳಿದಿಲ್ಲ ಅಂದರೆ ಮಿತಿ ತೀರಾ ಕಡಿಮೆ ಇಟ್ಟಿದ್ದೀರಿ, ಅಥವಾ ನೀವೇ ಫೋನ್ ಎತ್ತುತ್ತಿದ್ದೀರಿ. ಜಗಳಗಳು ಹೊಸ ಜಾಗಕ್ಕೆ ಹೋಗಿವೆಯಾ? ಹಾಗಾದರೆ ಹೊಲಿಗೆಯನ್ನು ಅಲ್ಲಿಗೆ ಸರಿಸಿ. ಹೊಸ ಊರು, ಹೊಸ ಬಗೆಯ ಮಾಲು, ಹೊಸ ಬಗೆಯ ಗಿರಾಕಿ ಬಂದಾಗ ಮಾತ್ರ ಮತ್ತೆ ಎರಡನೇ ಹೆಜ್ಜೆಯಿಂದ ಶುರು ಮಾಡಿ. ವರ್ಷ ವರ್ಷವೂ ಚಾರ್ಟ್ ಬದಲಾಯಿಸುತ್ತಿದ್ದರೆ ಜನ ಯಾವುದನ್ನೂ ನಂಬುವುದಿಲ್ಲ.

ಅಣ್ಣ ತಮ್ಮ ಈಗ ಮೈಸೂರಿನಲ್ಲಿ ಒಂದು ಅಂಗಡಿ ನೋಡಿದ್ದಾರೆ. ಚಕ್ಕುಲಿಯನ್ನು ಇಲ್ಲಿಂದ ಕಳಿಸಬಹುದು, ಕಜ್ಜಾಯ ಅಲ್ಲೇ ಮಾಡಿಸಬೇಕಾ ಅಂತ ಹೋದ ಸೋಮವಾರ ಲೆಕ್ಕ ಹಾಕುತ್ತಾ ಕೂತಿದ್ದೆವು. ಒಂದೂವರೆ ಗಂಟೆ ಕೂತಿದ್ದೆವು, ಅಣ್ಣನ ಫೋನ್ ಎರಡೇ ಸಲ ಹೊಡೆದುಕೊಂಡಿತು.